ಓಲೆಗರಿಯ ಪಾಠ ಮತ್ತು ಹಗುರ ಮಾರ್ಕ್‌ಅಪ್: ಸಾಮೂಹಿಕ ಸಂಪಾದನೆಯ ಒಂದು ಸಮಸ್ಯೆ

ಹಳಗನ್ನಡ ಕೃತಿಯೊಂದರ ಓಲೆಪ್ರತಿಯನ್ನು ಬೇರೆ ಬೇರೆ ದೇಶಗಳಲ್ಲಿರುವ ವಿದ್ವಾಂಸರು ಕೂಡಿ ಗಣಕೀಕರಿಸುವಾಗ ಮೊದಲು ಒಮ್ಮತವಾಗಬೇಕಾದುದು ಗುರುತುಗಳ ವಿಷಯದಲ್ಲಿ. ಗರಿಯಲ್ಲಿ ಕಾಣುವ ಅಕ್ಷರ ಯಾವುದು, ಗ್ರಂಥಪಾತವಾದೆಡೆ ಸಂಪಾದಕರು ಊಹಿಸಿ ತುಂಬಿದ್ದು ಯಾವುದು ಎಂಬ ಭೇದ ಅಳಿದರೆ, ಮುಂದಿನ ಓದುಗರಿಗೆ ಊಹೆಯೇ ಮೂಲಪಾಠವಾಗಿಬಿಡುತ್ತದೆ.

ಈ ಕೆಲಸಕ್ಕೆ ಟಿಇಐ ಮಾರ್ಗಸೂಚಿಗಳನ್ನು ಅನುಸರಿಸಿದ ಎಕ್ಸ್‌ಎಂಎಲ್ ವಿದ್ವತ್‌ವಲಯದಲ್ಲಿ ರೂಢಿಯಲ್ಲಿದೆ. ಅದರಲ್ಲಿ ಇಂತಹ ಭೇದಗಳಿಗೆ ಪ್ರತ್ಯೇಕ ಟ್ಯಾಗುಗಳಿವೆ. ಆದರೆ ಟ್ಯಾಗುಗಳ ದಟ್ಟಣೆಯಲ್ಲಿ ಪದ್ಯವನ್ನು ಓದುವುದೇ ಕಷ್ಟ. 2004ರಲ್ಲಿ ಜಾನ್ ಗ್ರೂಬರ್ ಪ್ರಕಟಿಸಿದ ಮಾರ್ಕ್‌ಡೌನ್ ಈ ತೊಡಕನ್ನು ತಗ್ಗಿಸುತ್ತದೆ. ಕಡತವನ್ನು ಸಾದಾ ಬರಹದಂತೆ ಓದಬಹುದು. ಗಿಟ್‌ನಂತಹ ವ್ಯವಸ್ಥೆಯಲ್ಲಿಟ್ಟರೆ ಯಾವ ಸಾಲನ್ನು ಯಾರು, ಯಾವಾಗ ತಿದ್ದಿದರೆಂಬುದೂ ದಾಖಲಾಗುತ್ತದೆ.

ತೊಂದರೆಯಿರುವುದು ಗುರುತುಗಳ ಅರ್ಥದಲ್ಲಿ. 1931ರಲ್ಲಿ ಲೈಡನ್ ನಗರದಲ್ಲಿ ರೂಪುಗೊಂಡ ಸಂಪಾದನಾ ಸಂಕೇತಪದ್ಧತಿಯಲ್ಲಿ ಚೌಕಾವರಣವು ನಷ್ಟಪಾಠದ ಪೂರಣವನ್ನೂ ದುಂಡಾವರಣವು ಸಂಕ್ಷೇಪದ ವಿಸ್ತರಣೆಯನ್ನೂ ಸೂಚಿಸುತ್ತವೆ. ಅದರಂತೆ ‘ಶ್ರೀ[ಮ](ತು)’ ಎಂದು ಬರೆದರೆ ಮಾರ್ಕ್‌ಡೌನ್ ಅದನ್ನು ಜಾಲದ ಕೊಂಡಿಯೆಂದು ಭಾವಿಸಿ, ತೆರೆಯ ಮೇಲೆ ‘ಶ್ರೀಮ’ ಎಂದಷ್ಟೇ ತೋರಿಸುತ್ತದೆ. ಆವರಣಗಳೂ ಹೋದವು, ‘ತು’ವೂ ಹೋಯಿತು. ಸಾಲನ್ನು ಮುರಿದು ಬರೆದರೂ ಅದು ಸಾಮಾನ್ಯವಾಗಿ ಬರಿಯ ತೆರಪಾಗಿ, ಗರಿಯ ಪಂಕ್ತಿವಿಭಾಗ ಮರೆಯಾಗುತ್ತದೆ. ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಲ್ಲಿ ಸಾಲಿನ ಮೊದಲಿಗೆ ಲಂಬಗೆರೆಯಿಟ್ಟು ಪದ್ಯದ ಪಾದಗಳನ್ನು ಉಳಿಸಿಕೊಳ್ಳಬಹುದು. ಆದರೆ ಪದದ ನಡುವಣ ಒಂದಕ್ಷರಕ್ಕೆ ಒತ್ತು ಕೊಡಲು ಹೆಚ್ಚುವರಿ ಓರೆಗೆರೆಗಳು ಬೇಕಾಗುತ್ತವೆ.

ಕನ್ನಡ ಲಿಪಿಗೆ ಇನ್ನೊಂದು ಸೂಕ್ಷ್ಮವಿದೆ. ಯೂನಿಕೋಡ್‌ನಲ್ಲಿ ‘ಕಿ’ ಎಂಬುದು ಕಕಾರ ಮತ್ತು ಗುಡಿಸು ಎಂಬ ಎರಡು ಸಂಕೇತಗಳ ಜೋಡಣೆ. ಗುಡಿಸು ಮಾತ್ರ ಸವೆದಿದೆಯೆಂದು ಎರಡರ ನಡುವೆ ಆವರಣ ಹಾಕಿದರೆ ಅಕ್ಷರ ಒಡೆಯುತ್ತದೆ, ಹುಡುಕಾಟದಲ್ಲಿ ಪದವೂ ತಪ್ಪಿಹೋಗುತ್ತದೆ. ಇಡೀ ಅಕ್ಷರವನ್ನು ಆವರಣದಲ್ಲಿಟ್ಟು, ಸವೆದ ಭಾಗವನ್ನು ಅಡಿಟಿಪ್ಪಣಿಯಲ್ಲಿ ತಿಳಿಸುವುದು ಸುರಕ್ಷಿತ.

ಗ್ರೀಕ್ ಪಪೈರಸ್‌ಗಳ ಸಂಪಾದಕರು ಇದೇ ಬಗೆಯ ಇಕ್ಕಟ್ಟಿಗೆ ಒಂದು ಪರಿಹಾರ ಕಂಡುಕೊಂಡಿದ್ದಾರೆ. ‘ಪಪೈರಿ.ಇನ್ಫೊ’ ತಾಣದಲ್ಲಿ ವಿದ್ವಾಂಸರು ಪಾಠವನ್ನು ‘ಲೈಡನ್ ಪ್ಲಸ್’ ಎಂಬ ಹಗುರ ರೂಪದಲ್ಲಿ ದಾಖಲಿಸುತ್ತಾರೆ. ತಂತ್ರಾಂಶವು ಅದನ್ನು ಟಿಇಐ ಆಧಾರಿತ ಎಪಿಡಾಕ್ ಎಕ್ಸ್‌ಎಂಎಲ್‌ಗೆ ಪರಿವರ್ತಿಸುತ್ತದೆ. ಸಂಪಾದಕ ಮಂಡಳಿಯ ಪರಿಶೀಲನೆಯ ಬಳಿಕ ಅದು ಪ್ರಕಟವಾಗುತ್ತದೆ. ಬರೆಯುವ ರೂಪ ಒಂದು, ಕಾಪಿಡುವ ರೂಪ ಇನ್ನೊಂದು.

ಕನ್ನಡ ಹಸ್ತಪ್ರತಿಗಳಿಗೂ ಈ ವಿಭಜನೆ ಹೊಂದುತ್ತದೆ. ಒಂದು ಗುರುತಿಗೆ ಒಂದೇ ಅರ್ಥವಿರಬೇಕು, ಆ ಅರ್ಥಗಳ ಪಟ್ಟಿ ಪಾಠದ ಜೊತೆಯಲ್ಲೇ ಇರಬೇಕು, ಮುಚ್ಚದೆ ಬಿಟ್ಟ ಆವರಣವನ್ನು ತಂತ್ರಾಂಶವು ತಡೆಯಬೇಕು. ಇಷ್ಟು ನಿಯಮಗಳಿಗೆ ಬದ್ಧವಾದ ಹಗುರ ಬರಹದಲ್ಲಿ ಲಿಪಿ ಬಲ್ಲವರೂ ಗಣಕ ಬಲ್ಲವರೂ ಒಂದೇ ಗರಿಯ ಮೇಲೆ ನಿರಾತಂಕವಾಗಿ ಕೆಲಸ ಮಾಡಬಹುದು.