ಬದುಕು, ಬದುಕಿಸು: ಕೆಲವು ಇಂಗ್ಲಿಷ್ ಕ್ರಿಯಾಪದಗಳು

ಸತ್ತದ್ದನ್ನು, ಸೊರಗಿದ್ದನ್ನು, ಮುಪ್ಪಾದದ್ದನ್ನು ಮರಳಿ ಚೇತನಗೊಳಿಸುವ ಅರ್ಥವುಳ್ಳ ಕ್ರಿಯಾಪದಗಳು ಇಂಗ್ಲಿಷಿನಲ್ಲಿ ಹಲವಾರಿವೆ. ರಿವೈವ್, ರೆಸಸಿಟೇಟ್, ರಿಜುವನೇಟ್, ರೆಸರೆಕ್ಟ್, ರಿಸ್ಟೋರ್ ಮುಂತಾದ ಇವೆಲ್ಲಕ್ಕೂ ನಾವು ಕನ್ನಡದಲ್ಲಿ ‘ಪುನರುಜ್ಜೀವನಗೊಳಿಸು’ ಎಂಬ ಒಂದೇ ಮಾತನ್ನು ಹೇಳಿ ಮುಗಿಸಿಬಿಡುತ್ತೇವೆ. ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿ, ಅನಂತರ ಕನ್ನಡ ಮಾಧ್ಯಮದ ಮಕ್ಕಳಿಗೇ ಇಂಗ್ಲಿಷ್ ಪಾಠ ಹೇಳಿದವನಾದ್ದರಿಂದ ಇದರ ತೊಡಕನ್ನು ನಾನು ಬಲ್ಲೆ. ಎದುರಿಗಿರುವುದು ಸತ್ತಿದೆಯೋ, ಮೂರ್ಛೆಹೋಗಿದೆಯೋ, ಬರಿದೆ ಬಾಡಿದೆಯೋ ಎಂಬುದನ್ನು ನೋಡಿದ ಮೇಲಲ್ಲವೆ ಕ್ರಿಯಾಪದವನ್ನು ಆರಿಸಬೇಕಾದದ್ದು?

ತರಗತಿಯಲ್ಲಿ ನಾನು ಪುರಾಣಗಳ ನೆರವು ಪಡೆಯುತ್ತಿದ್ದೆ. ಶುಕ್ರಾಚಾರ್ಯರು ಮೃತಸಂಜೀವಿನಿ ವಿದ್ಯೆಯಿಂದ ಕಚನನ್ನು ಬದುಕಿಸಿದ್ದು ರೆಸರೆಕ್ಟ್. ಅಲ್ಲಿ ಸಾವು ಆಗಿಹೋದ ಸಂಗತಿ. ಈ ಪದದ ಮೂಲವಾದ ಲ್ಯಾಟಿನ್ ಧಾತುವಿಗೆ ‘ಮತ್ತೆ ಮೇಲೇಳು’ ಎಂದರ್ಥ. ಕನ್ನಡ ಬೈಬಲ್ಲಿನ ‘ಪುನರುತ್ಥಾನ’ವೆಂಬ ಪದ ಅದಕ್ಕೆ ಅಚ್ಚಿನಲ್ಲಿ ಎರಕ ಹೊಯ್ದಂತೆ ಹೊಂದುತ್ತದೆ. ರಣರಂಗದಲ್ಲಿ ಮೂರ್ಛಿತನಾದ ಲಕ್ಷ್ಮಣನನ್ನು ಸಂಜೀವಿನಿಯಿಂದ ಎಬ್ಬಿಸಿದ್ದು ರೆಸಸಿಟೇಟ್. ಈಗ ಎಲ್ಲರ ಬಾಯಲ್ಲಿರುವ ಸಿ.ಪಿ.ಆರ್. ಎಂಬುದರ ಕಡೆಯ ಅಕ್ಷರ ಈ ಪದದ್ದೇ. ಅಶ್ವಿನೀದೇವತೆಗಳು ಚ್ಯವನ ಮಹರ್ಷಿಗೆ ತಾರುಣ್ಯ ಕೊಟ್ಟದ್ದು ರಿಜುವನೇಟ್. ಚ್ಯವನರು ಸತ್ತಿರಲಿಲ್ಲ, ಮೂರ್ಛೆಯೂ ಹೋಗಿರಲಿಲ್ಲ. ಅವರಿಗಿದ್ದದ್ದು ಮುಪ್ಪು ಮಾತ್ರ. (ಚ್ಯವನಪ್ರಾಶ ತಿನ್ನುವ ನನ್ನ ವಯಸ್ಸಿನವರು ಈ ಪದವನ್ನು ಮರೆಯಲಾರರು!)

ಈ ಪದಗಳು ನಮಗೆ ಅಷ್ಟೇನೂ ಪರಕೀಯವಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದರು. ರಿಜುವನೇಟ್‌ನೊಳಗಿನ ‘ಜುವೆನಿಸ್’ ನಮ್ಮ ‘ಯುವ’ ಶಬ್ದದ ದಾಯಾದಿ. ರಿವೈವ್‌ನೊಳಗಿನ ‘ವೀವೆರೆ’ಗೂ ನಮ್ಮ ‘ಜೀವ’ಕ್ಕೂ ಒಂದೇ ಬೇರು. ರಿಯಾನಿಮೇಟ್‌ನಲ್ಲಿರುವ ‘ಆನಿಮ’ ಎಂದರೆ ಉಸಿರು. ‘ಪ್ರಾಣ’, ‘ಅನಿಲ’ಗಳಲ್ಲಿರುವ ‘ಅನ್’ ಧಾತು ಅದರದೇ ಬಳಗ. ಇಷ್ಟನ್ನು ತಿಳಿಸಿದರೆ ಸಾಕು, ಉರುಹೊಡೆಯುವ ಕಷ್ಟ ಅರ್ಧ ಇಳಿಯುತ್ತಿತ್ತು.

ರಿವೈವ್ ಎಂಬುದಂತೂ ನಮ್ಮ ಸೀಮೆಗೆಂದೇ ಹುಟ್ಟಿದ ಪದ. ಆಷಾಢದಲ್ಲಿ ಬಿತ್ತಿದ ಕಡಲೆಕಾಯಿ ಮಳೆಯಿಲ್ಲದೆ ಎಲೆ ಮುದುರಿ ನಿಂತಿರುತ್ತದೆ. ಒಂದು ಹದ ಮಳೆ ಬಿದ್ದರೆ ಮರುದಿನವೇ ತಲೆಯೆತ್ತುತ್ತದೆ. ಅದು ರಿವೈವ್. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ 1933ರ ಅನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆಗ ಕೆಳಗಿನ ವೇದಾವತಿಯಲ್ಲಿ ನೀರು ಹರಿದು, ನಮ್ಮ ರಾಯದುರ್ಗ ಸೀಮೆಯ ಭೈರವಾನಿತಿಪ್ಪದ ಕಡೆಯ ರೈತರ ಮುಖ ಅರಳಿತು. ಅದೂ ರಿವೈವ್. ಆದರೆ ಮಡಕಶಿರಾ ಕಡೆಯ ಹೇಮಾವತಿಯಲ್ಲಿ, ಅಂದರೆ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರಿನಲ್ಲಿ, ವಾಲಿದ ಕಂಬವೊಂದನ್ನು ನೆಟ್ಟಗೆ ನಿಲ್ಲಿಸಿದರೆ ಅದು ರಿಸ್ಟೋರ್. ಕಲ್ಲು ಮೊದಲಿದ್ದಲ್ಲಿಗೆ ಮರಳಿತೇ ಹೊರತು ಅದಕ್ಕೆ ಜೀವ ಬರಲಿಲ್ಲ.

ಇಷ್ಟು ಪೀಠಿಕೆ ಏಕೆಂದರೆ, ಈ ಸುವರ್ಣ ಮಹೋತ್ಸವಕ್ಕಾಗಿ ಹಳೆಯ ವಿದ್ಯಾರ್ಥಿಯೊಬ್ಬರು ಅಭಿಮಾನದಿಂದ ಸಿದ್ಧಪಡಿಸಿದ ಇಂಗ್ಲಿಷ್ ಮನವಿಯ ಕರಡಿನಲ್ಲಿ, ಗಡಿಭಾಗದಲ್ಲಿ ನಾವು ಕನ್ನಡವನ್ನು ‘ರೆಸರೆಕ್ಟ್’ ಮಾಡಬೇಕೆಂಬ ವಾಕ್ಯವಿತ್ತು. ನಾನು ಆಕ್ಷೇಪಿಸಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು, ಆದವಾನಿ, ಆಲೂರುಗಳೊಡನೆ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಸೇರಿತು. ಮಡಕಶಿರಾ ಮೊದಲಿನಿಂದಲೂ ಅನಂತಪುರ ಜಿಲ್ಲೆಯಲ್ಲಿದ್ದು, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಗೆರೆಗಳು ಎಷ್ಟು ಸಲ ಬದಲಾದರೂ ನಮ್ಮ ಹಟ್ಟಿಗಳಲ್ಲಿ ಜೋಗುಳ ಕನ್ನಡದಲ್ಲಿದೆ, ಸಂತೆಯ ಚೌಕಾಸಿ ಕನ್ನಡದಲ್ಲೂ ತೆಲುಗಿನಲ್ಲೂ ಇದೆ. ಜೀವವಿರುವುದಕ್ಕೆ ಪುನರುತ್ಥಾನವೆಂದರೆ ಮೊದಲು ಅದರ ಮರಣವನ್ನು ಒಪ್ಪಿಕೊಂಡಂತೆ. ಹಾಗೆಂದು ಎಲ್ಲವೂ ಸುಭಿಕ್ಷವೆಂದು ನಾನು ಹೇಳಲಾರೆ. ಮನೆಯಲ್ಲಿ ಕನ್ನಡವಾಡುವ ಎಷ್ಟೋ ಮಕ್ಕಳಿಗೆ ಇಂದು ಅಜ್ಜಿಯ ಹೆಸರನ್ನು ಕನ್ನಡದಲ್ಲಿ ಬರೆಯಲು ಬಾರದು. ಬೆಳೆ ಬಾಡಿದೆ, ಬೇರು ಒಣಗಿಲ್ಲ.

ಇಲ್ಲೊಂದು ವ್ಯಾಕರಣದ ಸೂಕ್ಷ್ಮವಿದೆ. ಕನ್ನಡದಲ್ಲಿ ‘ಬದುಕು’ ಬೇರೆ, ‘ಬದುಕಿಸು’ ಬೇರೆ. ‘ಚಿಗುರು’ ಬೇರೆ, ‘ಚಿಗುರಿಸು’ ಬೇರೆ. ರಿವೈವ್ ಎಂಬುದು ಅಕರ್ಮಕವಾಗಿಯೂ ಸಕರ್ಮಕವಾಗಿಯೂ ನಿಲ್ಲಬಲ್ಲದು: ವೈದ್ಯನು ರೋಗಿಯನ್ನು ರಿವೈವ್ ಮಾಡಬಹುದು, ಪೈರು ತಾನಾಗಿಯೂ ರಿವೈವ್ ಆಗಬಹುದು. ರಿಸ್ಟೋರ್‌ಗೆ ಆ ಸ್ವಾತಂತ್ರ್ಯವಿಲ್ಲ. ಮಾಡುವವನೊಬ್ಬ ಬೇಕೇ ಬೇಕು. ಸಮಯಕ್ಕೆ ಸರಿಯಾಗಿ ಪಠ್ಯಪುಸ್ತಕ, ತರಗತಿಗೊಬ್ಬ ಕನ್ನಡ ಬಲ್ಲ ಉಪಾಧ್ಯಾಯ, ಮನೆಯಲ್ಲಿ ದಿನಕ್ಕೊಂದು ಪುಟದ ಓದು: ಇಷ್ಟು ಮಳೆ ಬಿದ್ದರೆ ಉಳಿದದ್ದನ್ನು ಪೈರೇ ನೋಡಿಕೊಳ್ಳುತ್ತದೆಂಬುದು ನನ್ನ ಎಣಿಕೆ. ಆದ್ದರಿಂದ ಮನವಿಯ ವಾಕ್ಯದಲ್ಲಿ ರಿವೈವ್ ಎಂದು ತಿದ್ದುವುದರ ಜೊತೆಗೆ, ಕರ್ತೃವಿನ ಸ್ಥಾನದಲ್ಲಿದ್ದ ‘ನಾವು’ ಎಂಬುದನ್ನು ತೆಗೆದು ಕನ್ನಡವನ್ನೇ ಅಲ್ಲಿ ಕೂರಿಸಬೇಕೆಂದು ಕೇಳಿಕೊಂಡೆ. ಕರಡು ಬರೆದವರು ಸಂತೋಷದಿಂದ ಒಪ್ಪಿದರು.