ಹಳೆಯ ಕೊರಳು, ಹೊಸ ಮೇಳ

ಅಮೆರಿಕದಲ್ಲಿ 1978ರಲ್ಲಿ ಹುಟ್ಟಿದ ‘ಡೆಡ್ ಕೆನಡೀಸ್’ ಪಂಕ್ ತಂಡದ ಗಾಯಕ ಜೆಲ್ಲೊ ಬಿಯಾಫ್ರಾ, ಐವತ್ತು ತುಂಬಿದ 2008ರಲ್ಲಿ ಮತ್ತೊಂದು ತಂಡ ಕಟ್ಟಿದರು. ಅದರ ಹೆಸರಿನಲ್ಲೇ ಗ್ವಾಂಟನಾಮೊ ಸೆರೆಮನೆಯನ್ನು ನೆನಪಿಸಿದರು. ಪ್ರತಿಭಟನೆಗೆ ನಿವೃತ್ತಿಯಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಿರಿಯ ಗೀಗೀ ಗಾಯಕರಿಗೂ ಈ ಮಾತು ಸಲ್ಲುತ್ತದೆಂದು ನಾನು ನಂಬಿದ್ದೇನೆ. ಹರದೇಶಿ-ನಾಗೇಶಿ ಮೇಳಗಳ ಸವಾಲು-ಜವಾಬು, ಪ್ರಶ್ನಿಸುವುದನ್ನೇ ಕಲೆಯಾಗಿಸಿದೆ. ಸ್ವಾತಂತ್ರ್ಯ ಹೋರಾಟಕ್ಕೂ ಗೀಗೀ ಪದ ದನಿಯಾಗಿತ್ತು. ಇಂದು ಅದೇ ದಪ್ಪು ಸರ್ಕಾರಿ ಯೋಜನೆಗಳ ಪ್ರಚಾರಕ್ಕೂ ಬಡಿಯುತ್ತದೆ. ತಪ್ಪೇನಿಲ್ಲ, ಕಲಾವಿದನಿಗೂ ಹೊಟ್ಟೆಯಿದೆ.

ಆದರೆ ಆಲಮಟ್ಟಿ ಜಲಾಶಯಕ್ಕಾಗಿ ಊರು-ಹೊಲ ಕಳೆದುಕೊಂಡವರ ಸವಾಲನ್ನು ಹಾಡುವವರಾರು? ನುರಿತ ಹಿರಿಯರೇ ಸೇರಿ ಅಂಥದೊಂದು ಹೊಸ ಮೇಳ ಕಟ್ಟಲಿ. ಜವಾಬು ಕೊಡುವ ಸರದಿ ಆಳುವವರದಾಗಲಿ.