ಬುಡದಲ್ಲೇ ಇದ್ದೂ ಬೆಟ್ಟ ಕಾಣದವರು!

ಬೈಂದೂರಿನ ಮೂಕಾಂಬಿಕಾ ರೋಡ್ ರೈಲು ನಿಲ್ದಾಣದ ಎದುರು ಒಂದು ದಿನ ಬೆಳಿಗ್ಗೆ ನಿಂತು ನೋಡಿ. ರೈಲು ಬಂದು ಐದು ನಿಮಿಷದೊಳಗೆ ಮಲಯಾಳ ಮಾತಾಡುವ ಸಂಸಾರಗಳು ಬ್ಯಾಗು, ಮಕ್ಕಳು, ಅಜ್ಜಿಯಂದಿರ ಸಮೇತ ಹೊರಗೆ ಬರುತ್ತವೆ. ಅವರ ಕೈಯಲ್ಲಿ ಚೀಟಿ. ಇವತ್ತು ಕೊಲ್ಲೂರು, ನಾಳೆ ಕೊಡಚಾದ್ರಿ, ನಾಡಿದ್ದು ವಾಪಸು. ಊಟ ಎಲ್ಲಿ, ರೂಮು ಎಲ್ಲಿ, ಎಲ್ಲವೂ ಬರೆದಿಟ್ಟದ್ದು.

ಇನ್ನು ನಮ್ಮ ಕಡೆ ನೋಡಿ. ಕುಂದಾಪುರದ ಶಾಸ್ತ್ರಿ ಸರ್ಕಲಿನಲ್ಲಿ ಬಸ್ಸಿಗೆ ಕಾಯುವ ಹತ್ತು ಜನರನ್ನು ನಿಲ್ಲಿಸಿ, "ಹ್ವಾಯ್, ಕೊಡಚಾದ್ರಿ ಹತ್ತಿದ್ರ್ಯಾ?" ಅಂತ ಕೇಳಿದೆ. ಇಬ್ಬರು ಹೌದು ಅಂದರು. ಮೂವರು "ಕಾಲೇಜಿಗೆ ಹೋಪತ್ತಿಗೆ ಒಂದ್ಸಲ" ಅಂದರು. ಉಳಿದವರು ನಕ್ಕರು. ಬೆಟ್ಟದ ಬುಡದಲ್ಲೇ ಇರುವವರಿಗೆ ಬೆಟ್ಟ ಯಾವತ್ತೂ "ನಾಳೆ ಹೋಪ" ಎನ್ನುವ ಜಾಗ!

ಬೇರೆಯವರನ್ನು ಹೇಳಿ ಪ್ರಯೋಜನವಿಲ್ಲ. ಈ ವರದಿಗಾರನದ್ದೂ ಅದೇ ಕಥೆ.

ಯೋಜನೆ ಇಲ್ಲದ ಯಾತ್ರೆ

ಅಮ್ಮನಿಗೆ ಎಪ್ಪತ್ತು ಸಮೀಪಿಸಿತು. ಕೊಲ್ಲೂರು ದೇವಸ್ಥಾನಕ್ಕೆ ಲೆಕ್ಕವಿಲ್ಲದಷ್ಟು ಸಲ ಹೋದವಳು, ಮೇಲಿನ ಮೂಲ ಮೂಕಾಂಬಿಕೆಯನ್ನು ಒಮ್ಮೆಯೂ ಕಂಡವಳಲ್ಲ. "ಕಾಲಲ್ಲಿ ಬಲ ಇಪ್ಪೊತ್ತಿಗೇ ಒಂದ್ಸಲ ಕಾಣ್ಕ್ ಮಗಾ" ಅಂತ ನಾಲ್ಕು ವರ್ಷದಿಂದ ಹೇಳುತ್ತಲೇ ಇದ್ದಳು. ನಾನು ತಲೆ ಆಡಿಸುತ್ತಲೇ ಇದ್ದೆ.

ಕೊನೆಗೆ ಒಂದು ಮೇ ತಿಂಗಳ ಭಾನುವಾರ ಹೊರಟೆವು. ಹೊರಟದ್ದು ಎಷ್ಟು ಗಂಟೆಗೆ? ಬೆಳಿಗ್ಗೆ ಒಂಬತ್ತೂವರೆಗೆ, ತಿಂಡಿ ತಿಂದು, ಪೇಪರ್ ಓದಿ! ಹೆಮ್ಮಾಡಿ, ವಂಡ್ಸೆ ದಾಟಿ ಬಸ್ಸು ಕೊಲ್ಲೂರು ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ದರ್ಶನದ ಸಾಲು ಬೀದಿವರೆಗೆ. ದರ್ಶನ ಮುಗಿಸಿ ಜೀಪು ನಿಲ್ಲುವಲ್ಲಿಗೆ ಬಂದರೆ, "ಎಂಟ್ ಜನ ಆಯ್ಕ್ ಮಾರ್ರೆ, ನೀವ್ ಮೂರೇ ಜನ" ಎಂಬ ಉತ್ತರ. ಒಂದೂವರೆ ಗಂಟೆ ಕಾದೆವು. ಮೂರು ಜನ ನಾಲ್ಕಾಗಲಿಲ್ಲ. ಪೂರ್ತಿ ಜೀಪಿನ ಬಾಡಿಗೆ ಕೊಡುವ ತಾಕತ್ತು ನನ್ನ ಸಂಬಳಕ್ಕಿರಲಿಲ್ಲ. ಅಷ್ಟರಲ್ಲಿ ಘಟ್ಟದ ಮೇಲೆ ಮೋಡ ಕಪ್ಪಾಯಿತು, ಗುಡುಗಿತು. ಅಮ್ಮ ಏನೂ ಹೇಳಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಬೆಟ್ಟದ ಕಡೆ ನೋಡುತ್ತಾ ಕೂತಿದ್ದಳು. ಬೈದಿದ್ದರೆ ವಾಸಿಯಿತ್ತು.

ತಪ್ಪು ಜೀಪಿನವರದಲ್ಲ, ಮಳೆಯದ್ದೂ ಅಲ್ಲ. ತಪ್ಪು ನನ್ನದು. ಕಾಶಿಗೆ ಹೋಗುವವನು ಆರು ತಿಂಗಳು ಮೊದಲೇ ಲೆಕ್ಕ ಹಾಕುತ್ತಾನೆ. ನಲವತ್ತು ಕಿಲೋಮೀಟರಿಗೆ ಎಂತ ಲೆಕ್ಕ ಅಂತ ನಾವು ಎದ್ದು ಹೊರಡುತ್ತೇವೆ. ಆದರೆ ಘಟ್ಟಕ್ಕೆ ನಮ್ಮೂರು, ಪರವೂರು ಎಂಬ ಭೇದವಿಲ್ಲ ಸ್ವಾಮಿ.

ಎರಡನೇ ಸಲ

ಮಳೆ ಪೂರ್ತಿ ನಿಂತ ಮೇಲೆ, ಡಿಸೆಂಬರಿನಲ್ಲಿ, ವಾರದ ನಡುವಿನ ಒಂದು ದಿನ ರಜೆ ಹಾಕಿದೆ. ಪಕ್ಕದ ಬೀದಿಯ ದಿನಸಿ ಅಂಗಡಿಯವರೂ ತಮ್ಮ ಅಂಗಡಿಗೆ ಒಂದು ದಿನ ಬೀಗ ಹಾಕಿ ಸಂಸಾರ ಸಮೇತ ಬರುತ್ತೇವೆ ಅಂದರು. ಎರಡು ಮನೆ ಸೇರಿ ಎಂಟು ತಲೆ. ಜೀಪಿನ ಸಮಸ್ಯೆ ಅಲ್ಲಿಗೇ ತೀರಿತು. ಮುಂಜಾನೆಯ ಮೊದಲ ಬಸ್ಸು ಹಿಡಿದೆವು.

ಕೊಡಚಾದ್ರಿಯ ಎತ್ತರ 1,343 ಮೀಟರ್, ಅಂದರೆ 4,400 ಅಡಿ ಮೇಲೆ. ಬೆಟ್ಟ ಇರುವುದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನಲ್ಲಿ, ಕೊಲ್ಲೂರು ಇರುವುದು ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನಲ್ಲಿ. ನಡುವೆ 1974ರಲ್ಲಿ ಘೋಷಣೆಯಾದ ಮೂಕಾಂಬಿಕಾ ಅಭಯಾರಣ್ಯದ ಕಾಡು. ಕಣ್ಣಿಗೆ ಹತ್ತಿರ ಕಂಡರೂ ಜೀಪು ನಾಗೋಡಿ ಘಾಟಿ ಹತ್ತಿ, ಕಟ್ಟಿನಹೊಳೆ ಕಡೆಯಿಂದ ಸುತ್ತು ಹಾಕಿ ಹೋಗಬೇಕು. ಕೊನೆಯ ಎಂಟ್ಹತ್ತು ಕಿಲೋಮೀಟರು ರಸ್ತೆಯೆಂದು ಕರೆದರೆ ರಸ್ತೆಗೆ ಅವಮಾನ. ಕಲ್ಲು, ಕೊರಕಲು, ಮತ್ತೆ ಕಲ್ಲು. ದಿನಸಿ ಅಂಗಡಿಯವರು "ನಮ್ಮ ಅಂಗಡಿಯ ಅಕ್ಕಿ ಮೂಟೆಗೂ ಈ ಗತಿ ಬಪ್ಪುಕಾಗ" ಅಂದಾಗ ಜೀಪಿನಲ್ಲಿದ್ದವರೆಲ್ಲ ನಕ್ಕರು, ಅಮ್ಮನೂ.

ಜೀಪು ನಿಲ್ಲುವ ಜಾಗದ ಹತ್ತಿರವೇ ಮೂಲ ಮೂಕಾಂಬಿಕೆಯ ಗುಡಿ. ಎದುರಿಗೆ ಎತ್ತರದ ಕಬ್ಬಿಣದ ಕಂಬ. ದೇವಿ ಮೂಕಾಸುರನನ್ನು ಕೊಂದ ತ್ರಿಶೂಲ ಅದು ಎಂದು ಜನರ ನಂಬಿಕೆ. ಘಟ್ಟದ ಮಳೆಯಲ್ಲಿ ನಿಂತೂ ತುಕ್ಕು ತಿಂದು ಹಾಳಾಗದ ಈ ಕಂಬವನ್ನು 1990ರ ದಶಕದಲ್ಲಿ ಲೋಹಶಾಸ್ತ್ರಜ್ಞರು ಬಂದು ಪರೀಕ್ಷೆ ಮಾಡಿದ್ದಾರೆ. ನಮ್ಮ ಮನೆಯ ಗೇಟು ಮೂರು ಮಳೆಗಾಲ ತಡೆಯುವುದಿಲ್ಲ!

ಅಲ್ಲಿಂದ ಶಂಕರಾಚಾರ್ಯರು ತಪಸ್ಸು ಮಾಡಿದರೆನ್ನುವ ಸರ್ವಜ್ಞ ಪೀಠಕ್ಕೆ ಸುಮಾರು ಎರಡು ಕಿಲೋಮೀಟರು ಏರು ನಡಿಗೆ. ಅಮ್ಮ ನಾಲ್ಕು ಮಾರು ಹತ್ತಿದವಳು ಮೊಣಕಾಲು ಹಿಡಿದುಕೊಂಡು ನಿಂತಳು. ಮೇಲೆ ನೋಡಿದಳು, ನನ್ನನ್ನು ನೋಡಿದಳು. "ನೀ ಹೋಯ್ ಬಾ. ನಾ ಇಲ್ಲೇ ಕೂಕಂತೆ. ಅಮ್ಮನ ಕಂಡಾಯ್ತಲ್ಲ, ಸಾಕ್" ಅಂದಳು.

ನಾನು ಹೋಗಿ ಬಂದೆ. ಮೇಲೆ ಒಂದು ಪುಟ್ಟ ಕಲ್ಲಿನ ಗುಡಿ, ಸುತ್ತ ಗಾಳಿ, ಕೆಳಗೆ ಅಲೆಅಲೆಯಾಗಿ ಕಾಡು. ಆದರೆ ನನ್ನ ತಲೆಯಲ್ಲಿ ಒಂದೇ ಲೆಕ್ಕ. ನಾಲ್ಕು ವರ್ಷ ಮೊದಲು, ಅವಳು ಕೇಳಿದಾಗಲೇ ಕರೆತಂದಿದ್ದರೆ ಅವಳೂ ಇಲ್ಲಿ ನಿಲ್ಲುತ್ತಿದ್ದಳು.

ಓದುಗರೇ, ಈ ಲೇಖನ ಬರೆದದ್ದು ಇದೊಂದು ಮಾತಿಗಾಗಿ. ಮನೆಯ ಹಿರಿಯರು ಕೇಳಿದ್ದರೆ ಈ ವರ್ಷವೇ ಹೊರಡಿ.

ಹೊರಡುವ ಮೊದಲು

ಕಾಲ ನೋಡಿ. ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯದು. ನವರಾತ್ರಿ, ರಥೋತ್ಸವ, ಉದ್ದ ರಜೆಗಳಲ್ಲಿ ಕೊಲ್ಲೂರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಿರಿಯರಿದ್ದರೆ ವಾರದ ನಡುವೆ ಹೋಗುವುದೇ ಲೇಸು. ಅಂಗಡಿಯವರಿಗೂ ಒಂದು ಮಂಗಳವಾರದ ವ್ಯಾಪಾರ ಹೋದರೆ ಮುಳುಗುವುದೇನೂ ಇಲ್ಲ.

ಎಂಟು ಜನ ಊರಲ್ಲೇ ಕೂಡಿಸಿಕೊಳ್ಳಿ. ಬ್ರಹ್ಮಾವರದವರು ಕುಂದಾಪುರಕ್ಕೆ ಬಂದು ಕೊಲ್ಲೂರು ಬಸ್ಸು ಹಿಡಿಯುವುದಾದರೆ ಇನ್ನೂ ಒಂದು ಗಂಟೆ ಮೊದಲು ಏಳಬೇಕು. ಜೀಪಿನಲ್ಲಿ ಹೋಗಿ ಬರುವುದಕ್ಕೇ ಮೂರು ನಾಲ್ಕು ಗಂಟೆ, ಮೇಲೆ ಕೊಡುವ ಸಮಯ ಗಂಟೆ, ಒಂದೂವರೆ ಗಂಟೆ. ಬಾಡಿಗೆ, ಕಾಯುವ ಹೊತ್ತು, ಅರಣ್ಯದವರ ಪ್ರವೇಶ ಶುಲ್ಕ ಬೇರೆಯೋ ಸೇರಿಯೋ, ಇದನ್ನೆಲ್ಲ ಹತ್ತುವ ಮೊದಲೇ ಮಾತಾಡಿಕೊಳ್ಳಿ. ಬೆನ್ನು ನೋವಿನವರು, ಬಸುರಿಯರು, ಹೃದಯದ ಕಾಯಿಲೆಯವರು ಜೀಪು ಹತ್ತಬೇಡಿ. ಕೊಲ್ಲೂರಿನಲ್ಲಿ ಸೌಪರ್ಣಿಕೆಯ ದಡದಲ್ಲಿ ಕೂತರೂ ಪುಣ್ಯಕ್ಕೆ ಕೊರತೆಯಿಲ್ಲ. ಆ ಹೊಳೆ ಇಳಿದು ಬರುವುದೂ ಕೊಡಚಾದ್ರಿಯಿಂದಲೇ ಅಲ್ಲವೇ? ಕಾಡಿನ ದಾರಿಯಲ್ಲಿ ನಡೆದು ಹತ್ತುವ ಹುಡುಗರು ಅರಣ್ಯ ಇಲಾಖೆಯನ್ನು ಕೇಳಿಯೇ ಹೋಗಬೇಕು.

ಮಳೆಗಾಲದ ಮಾತು

ಇದನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬೆಟ್ಟ ಬೇಡ, ಜಲಪಾತ ಬೇಡ. 2023ರ ಜುಲೈಯಲ್ಲಿ ಕೊಲ್ಲೂರು ಸಮೀಪದ ಅರಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತ ಯುವಕನೊಬ್ಬ ಕಾಲು ಜಾರಿ ನೀರು ಪಾಲಾದ. ಶವ ಸಿಕ್ಕಿದ್ದು ಒಂದು ವಾರದ ಮೇಲೆ. ಜೊತೆಗಿದ್ದವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. 2024ರ ಜುಲೈ 16ರಂದು ಶಿರೂರಿನಲ್ಲಿ, ನಮ್ಮ ಬೈಂದೂರಿನ ಶಿರೂರಲ್ಲ, ಅಂಕೋಲದ ಶಿರೂರಿನಲ್ಲಿ, ಹೆದ್ದಾರಿ ಬದಿಯ ಗುಡ್ಡ ಕುಸಿದು ಚಹಾದಂಗಡಿಯ ಸಂಸಾರವೇ ಮಣ್ಣಾಯಿತು. ದೂರದ ಕೇದಾರನಾಥದಲ್ಲಿ 2013ರ ಜೂನ್‌ನಲ್ಲಿ ಸಾವಿರಾರು ಯಾತ್ರಿಕರು ಸತ್ತದ್ದೂ ಮಳೆ, ನೆರೆ, ಗುಡ್ಡ ಕುಸಿತದಿಂದಲೇ. ದೇವರ ಬೆಟ್ಟ ಅಂತ ಮಣ್ಣು ಕುಸಿಯದೆ ನಿಲ್ಲುವುದಿಲ್ಲ.

ರೋಪ್‌ವೇ ಬಂದರೆ?

"ಮೇಲೆ ತಂತಿಯಲ್ಲಿ ಹೋಪ ಗಾಡಿ ಬತ್ತಂಬ್ರಲ್ಲ?" ಅಂತ ಇಳಿಯುವಾಗ ಅಮ್ಮ ಕೇಳಿದಳು. 2022ರ ಹೊತ್ತಿಗೆ ಕೇಂದ್ರದ ಪರ್ವತಮಾಲಾ ಯೋಜನೆಯ ಪಟ್ಟಿಯಲ್ಲಿ ಕೊಲ್ಲೂರು ಕೊಡಚಾದ್ರಿ ನಡುವೆ ಸುಮಾರು 7 ಕಿಲೋಮೀಟರಿನ ರೋಪ್‌ವೇ ಕಾಣಿಸಿಕೊಂಡಿತು. ಮುದುಕರಿಗೆ, ಅಶಕ್ತರಿಗೆ ಅನುಕೂಲ ಅನ್ನುವವರಿದ್ದಾರೆ. ಕಾಡು ಹಾಳಾಗುತ್ತದೆ, ಬೆಟ್ಟ ಜಾತ್ರೆಯಾಗುತ್ತದೆ ಅನ್ನುವ ಪರಿಸರದವರೂ ಇದ್ದಾರೆ. ಅಮ್ಮನ ಮೊಣಕಾಲು ನೋಡಿದಾಗ ಮೊದಲನೆಯವರ ಮಾತು ಸರಿ ಕಂಡಿತು. ದಾರಿಬದಿಯ ಪ್ಲಾಸ್ಟಿಕ್ ಬಾಟಲಿ ನೋಡಿದಾಗ ಎರಡನೆಯವರ ಮಾತು. ಈಗಿರುವ ಜನಕ್ಕೇ ಇಷ್ಟು ಕಸವಾದರೆ, ಹತ್ತು ಪಟ್ಟು ಜನಕ್ಕೆ?

ಅದು ದೊಡ್ಡವರ ತೀರ್ಮಾನ. ಅದಕ್ಕಿಂತ ಮೊದಲು ಒಂದು ಚಿಕ್ಕ ಕೆಲಸವಿದೆ, ಅದಕ್ಕೆ ಕೋಟಿ ಬೇಡ. ಕೊಲ್ಲೂರು ಬಸ್ಸು ಇಳಿಯುವಲ್ಲಿ ಎಲ್ಲರಿಗೂ ಕಾಣುವ ಹಾಗೆ ಒಂದು ದೊಡ್ಡ ಬೋರ್ಡು. ಜೀಪಿನ ದರ, ಎಷ್ಟು ಜನ, ಕೊನೆಯ ಜೀಪು ಎಷ್ಟು ಗಂಟೆಗೆ, ಇವತ್ತು ಬೆಟ್ಟ ತೆರೆದಿದೆಯೋ ಮುಚ್ಚಿದೆಯೋ. ಕನ್ನಡದಲ್ಲಿ, ಮಲಯಾಳದಲ್ಲಿ. ಆ ಮೇ ತಿಂಗಳಲ್ಲಿ ಇಂಥದ್ದೊಂದು ನನ್ನ ಕಣ್ಣಿಗೆ ಬಿದ್ದಿದ್ದರೆ ಅಮ್ಮ ಒಂದೂವರೆ ಗಂಟೆ ಬಿಸಿಲಲ್ಲಿ ಕೂರಬೇಕಿರಲಿಲ್ಲ.

ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?

ಹರಿಸುವವರೆಗೆ ನೀವು ಎಂಟು ಜನರನ್ನು ಕೂಡಿಸಿಕೊಳ್ಳಿ.